ಆಟಕ್ಕುಂಟು, ಲೆಕ್ಕಕ್ಕಿಲ್ಲ!

ಪೇಟೆ ಜಗಲಿಯಲ್ಲಿ ದೊಡ್ಡವರ ಚೌಕಾಬಾರ. ಗೆದ್ದವರೇ ಟೀ ಕುಡಿಸಬೇಕು

ಮೈಸೂರು: ಅಂಗಡಿ ಇಟ್ಟವರಿಗೆಲ್ಲ ಗೊತ್ತಿರುವ ಸಂಗತಿ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಪೇಟೆಗೆ ಶನಿಕಾಟ. ಗಿರಾಕಿ ಬರುವುದಿಲ್ಲ. ಬಂದರೂ ಬೆಲೆ ಕೇಳಿ ‘ಆಮೇಲೆ ಬರ್ತೀನಿ’ ಅಂತ ಹೊರಡುತ್ತಾನೆ. ಊಟಕ್ಕೆ ಹೋದ ಅಂಗಡಿ ಹುಡುಗ ಬೇಗ ಬರುವ ಪೈಕಿಯಲ್ಲ. ಯಜಮಾನರು ಗಲ್ಲಾಪೆಟ್ಟಿಗೆಯ ಮೇಲೆ ಮೊಣಕೈ ಊರಿ, ಒಂದು ಕಣ್ಣು ಬೀದಿಯ ಮೇಲೆ, ಇನ್ನೊಂದು ಕಣ್ಣು ಮೊಬೈಲಿನ ಮೇಲೆ ಇಟ್ಟು ಆಕಳಿಸುತ್ತಾರೆ.

ಹಳೇ ಪೇಟೆಯ ಒಂದು ಬೀದಿಯಲ್ಲಿ ಮಾತ್ರ ಆ ಹೊತ್ತಿಗೆ ಬೇರೆಯೇ ಗದ್ದಲ. ‘ಕಡೀರಿ, ಕಡೀರಿ, ಬಿಡಬೇಡಿ!’ ಹೊಸಬರು ಕೇಳಿದರೆ ಎದೆ ಧಸಕ್ಕೆನ್ನಬೇಕು. ಹತ್ತಿರ ಹೋಗಿ ನೋಡಿದರೆ ಪಾತ್ರೆ ಅಂಗಡಿಯ ಕಲ್ಲಿನ ಜಗಲಿಯ ಮೇಲೆ ತಲೆ ನೆರೆತ ನಾಲ್ವರು ಕಾಲು ಮಡಚಿ ಕೂತಿದ್ದಾರೆ. ನಡುವೆ ಸೀಮೆಸುಣ್ಣದಲ್ಲಿ ಬರೆದ ಇಪ್ಪತ್ತೈದು ಮನೆ. ಕೈಯಲ್ಲಿ ನಾಲ್ಕು ಕವಡೆ.

ಚೌಕಾಬಾರ, ಸ್ವಾಮೀ! ಅಜ್ಜಿಯ ಮನೆಯ ಪಡಸಾಲೆಯಲ್ಲಿ, ಬೇಸಿಗೆ ರಜದಲ್ಲಿ, ಜಗಳವಾಡಿಕೊಂಡು ಆಡುತ್ತಿದ್ದ ಅದೇ ಚೌಕಾಬಾರ.

ಆಡುವವರು ಯಾರೂ ಕೆಲಸವಿಲ್ಲದ ಬಡಗಿಗಳಲ್ಲ. ಒಬ್ಬರು ಪಾತ್ರೆ ಅಂಗಡಿಯ ಯಜಮಾನರು, ವಯಸ್ಸು ಅರವತ್ತು ದಾಟಿದೆ. ಇನ್ನೊಬ್ಬರು ಎದುರು ಸಾಲಿನ ಟೈಲರ್ ಮೇಷ್ಟ್ರು. ಮೂರನೆಯವರು ಗ್ರಂಧಿಗೆ ಅಂಗಡಿಯವರು. ಕವಡೆ ಸರಬರಾಜು ಅವರದೇ. ನಾಲ್ಕನೆಯವರು ನಿವೃತ್ತ ಬಸ್ ಕಂಡಕ್ಟರ್. ಮೂವತ್ತು ವರ್ಷ ಗಂಟೆ ಹೊಡೆದು, ‘ಮುಂದೆ ಹೋಗಿ, ಮುಂದೆ ಹೋಗಿ’ ಅಂತ ಕೂಗಿ, ಈಗ ಅದೇ ದನಿಯಲ್ಲಿ ಕಾಯಿ ನಡೆಸುವವರನ್ನು ಗದರಿಸುತ್ತಾರೆ.

ಶುರುವಾದ ಬಗೆ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಬೀದಿಗೆ ಬೀದಿಯೇ ಬಾಗಿಲು ಹಾಕಿತಲ್ಲ, ಆಗ ಯಜಮಾನರಿಗೆ ಮನೆಯಲ್ಲಿ ಕೂತು ಹುಚ್ಚು ಹಿಡಿಯುವುದೊಂದು ಬಾಕಿ. ನಲವತ್ತು ವರ್ಷದಲ್ಲಿ ಇಷ್ಟು ದಿನ ಒಟ್ಟಿಗೆ ಅಂಗಡಿ ಮುಚ್ಚಿದ್ದೇ ಇಲ್ಲ. ಮೊಮ್ಮಕ್ಕಳ ಕಾಟ ತಡೆಯಲಾರದೆ ಅವರ ಹೆಂಡತಿ ನೆಲದ ಮೇಲೆ ಮನೆ ಬರೆದು, ಹುಣಸೆ ಬೀಜವನ್ನು ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿಕೊಟ್ಟರು. ಕವಡೆ ಇಲ್ಲದ ಮನೆಯಲ್ಲಿ ಹಿಂದಿನಿಂದ ಇದೇ ಪದ್ಧತಿ.

‘ನಾಲ್ಕನೇ ಕೈ ಇಲ್ಲ ಅಂತ ನನ್ನ ಕೂರಿಸಿದ್ರು. ಬೇಡ ಬೇಡ ಅಂತಲೇ ಕೂತೆ. ಎದ್ದಾಗ ರಾತ್ರಿ ಹತ್ತು ಗಂಟೆ. ಆವತ್ತು ಒಂದು ಸಲವೂ ಬಾಡಿಗೆ ಜ್ಞಾಪಕ ಬರಲಿಲ್ಲ ಕಣ್ರೀ’ ಎನ್ನುತ್ತಾರೆ ಯಜಮಾನರು.

ಅಂಗಡಿ ಮತ್ತೆ ತೆರೆದ ಮೇಲೆ ವ್ಯಾಪಾರ ಮೊದಲಿನಂತೆ ಬರಲು ತಿಂಗಳುಗಳೇ ಹಿಡಿದವು. ಖಾಲಿ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಮನೆ ಬರೆದದ್ದು ಹಾಗೆ. ವ್ಯಾಪಾರ ಸುಧಾರಿಸಿದ ಮೇಲೂ ಆಟ ನಿಲ್ಲಲಿಲ್ಲ.

ಮರೆತವರಿಗೆ ಒಂದಿಷ್ಟು

ಐದು ಸಾಲು, ಸಾಲಿಗೆ ಐದು ಮನೆ. ನಾಲ್ಕೂ ಬದಿಯ ನಟ್ಟನಡುವಿನ ಮನೆಗೆ ಕತ್ತರಿ ಗುರುತು. ಅದು ಆಯಾ ಬದಿಯವರ ಸ್ವಂತ ಮನೆ. ಹೊರಸುತ್ತಿಗೆ ಹದಿನಾರು ಮನೆ, ಒಳಸುತ್ತಿಗೆ ಎಂಟು, ಮಧ್ಯದಲ್ಲಿ ಒಂದು. ಅಲ್ಲಿಗೆ ಮುಟ್ಟಿದ ಕಾಯಿ ‘ಹಣ್ಣು’.

ಕವಡೆ ಎಷ್ಟು ಅಂಗಾತ ಬಿದ್ದರೆ ಅಷ್ಟು ಲೆಕ್ಕ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಚೌಕಕ್ಕೂ ಬಾರಕ್ಕೂ ಇನ್ನೊಂದು ಆಟ ಸಿಗುತ್ತದೆ. ತಲೆಗೆ ನಾಲ್ಕು ಕಾಯಿ. ಹೊರಸುತ್ತು ಅಪ್ರದಕ್ಷಿಣೆ, ಒಳಸುತ್ತು ಪ್ರದಕ್ಷಿಣೆ. ಕತ್ತರಿ ಮನೆಯಲ್ಲಿದ್ದ ಕಾಯನ್ನು ಯಾರೂ ಮುಟ್ಟುವಂತಿಲ್ಲ. ಬೇರೆ ಕಡೆ ಸಿಕ್ಕರೆ ಕಡಿಯಬಹುದು. ಕಡಿಸಿಕೊಂಡ ಕಾಯಿ ಮೊದಲಿನಿಂದ ಸುತ್ತಬೇಕು.

ಇದರಲ್ಲಿ ಒಂದು ಗುಟ್ಟಿದೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ತನ್ನ ಪಾಡಿಗೆ ತಾನು ಗೋಡೆ ಹಿಡಿದು ನಡೆಯುವ ಸಾಧು ಮನುಷ್ಯ ಹೊರಗೇ ಸುತ್ತುತ್ತಿರಬೇಕು. ಹೀಗಾಗಿ ಮೂವತ್ತು ವರ್ಷ ಒಬ್ಬರಿಗೊಬ್ಬರು ‘ನಮಸ್ಕಾರ, ಬನ್ನಿ’ ಬಿಟ್ಟು ಬೇರೆ ಮಾತಾಡದ ಅಂಗಡಿಯವರು ಇಲ್ಲಿ ಮನಸಾರೆ ಒಬ್ಬರ ಕಾಯಿ ಒಬ್ಬರು ಕಡಿಯುತ್ತಾರೆ. ಕವಡೆ ಎತ್ತಿಟ್ಟ ಮೇಲೆ ಚಿಲ್ಲರೆ ಬೇಕೆಂದರೆ ಅದೇ ಪಕ್ಕದಂಗಡಿಗೆ ಹೋಗುತ್ತಾರೆ!

ಕಾಯಿಗಳೂ ನೋಡುವಂತಿವೆ. ಯಜಮಾನರದು ಕುಕ್ಕರಿನ ಹಳೇ ವಾಲ್ವು. ಮೇಷ್ಟ್ರದು ಕೋಟಿನ ಗುಂಡಿ. ಗ್ರಂಧಿಗೆ ಅಂಗಡಿಯವರದು ಅಡಿಕೆ ಚೂರು. ಕಂಡಕ್ಟರ್ ಮೊದಮೊದಲು ಒಂದು ರೂಪಾಯಿಯ ನಾಲ್ಕು ನಾಣ್ಯ ತಂದಿದ್ದರು. ಅದು ತಿರಸ್ಕೃತವಾಯಿತು. ಈ ಜಗಲಿಯ ಮೇಲೆ ಕಾಯಿಯ ಲೆಕ್ಕದಲ್ಲೂ ಕಾಸು ಕಾಣಬಾರದು.

ಪೊಲೀಸರೂ ಬಂದರು

ಹಾಗೆ ಕಟ್ಟುನಿಟ್ಟು ಮಾಡಲು ಕಾರಣವಿದೆ. ಒಂದು ದಿನ ಬೀಟಿನ ಪೊಲೀಸಪ್ಪ ಬಂದು ನಿಂತು, ‘ಏನ್ ಯಜಮಾನ್ರೇ, ಬೀದೀಲೇ ಶುರು ಮಾಡಿದ್ದೀರಾ?’ ಅಂತ ಕೇಳಿದರು. ಅವರು ಜಗಲಿಯ ಮೇಲೆ ಕಣ್ಣಾಡಿಸಿದ್ದು ಕಾಸಿಗಾಗಿ. ಸಿಕ್ಕಿದ್ದು ಗುಂಡಿ, ವಾಲ್ವು, ಅಡಿಕೆ ಚೂರು. ಕೊನೆಗೆ, ‘ನಮ್ಮೂರಲ್ಲಿ ಬಾರ ಮೂರು ಸಲ ಬಿದ್ದರೆ ಎಲ್ಲ ಸುಟ್ಟುಹೋಗ್ತದೆ, ನಿಮ್ಮಲ್ಲಿ ಹೆಂಗೆ?’ ಅಂತ ವಿಚಾರಿಸಿಕೊಂಡು ಮುಂದಕ್ಕೆ ಹೋದರಂತೆ.

ರಾಜ್ಯದ 1963ರ ಪೊಲೀಸ್ ಕಾಯ್ದೆ ಹಿಡಿಯುವುದು ಪಣ ಕಟ್ಟುವವರನ್ನು. ಸುಮ್ಮನೆ ಆಡುವವರ ತಂಟೆ ಅದಕ್ಕಿಲ್ಲ. ಆದರೂ ಬಾಯಿ ಇದ್ದವರು ‘ಜೂಜು’ ಅನ್ನದೆ ಬಿಡುತ್ತಾರೆಯೆ? ಅದಕ್ಕೇ ಜಗಲಿಯವರು ಒಂದು ತಿರುಗುಮುರುಗು ಕಾನೂನು ಮಾಡಿಕೊಂಡರು. ಸೋತವರು ಏನೂ ಕೊಡಬೇಕಿಲ್ಲ. ಗೆದ್ದವರೇ ಎಲ್ಲರಿಗೂ ಬೈ-ಟು ಟೀ ಕುಡಿಸಬೇಕು! ಗೆದ್ದರೆ ಕೈಯಿಂದ ಖರ್ಚು, ಸೋತರೆ ಪುಕ್ಕಟೆ ಟೀ. ಇಷ್ಟಾದರೂ ಸೋಲಬೇಕೆಂದು ಆಡಿದವರು ಇವತ್ತಿನವರೆಗೆ ಒಬ್ಬರೂ ಇಲ್ಲ. ಹಣ್ಣು ಮಾಡಲು ಪ್ರಾಣ ಬಿಡುತ್ತಾರೆ, ಮಾಡಿದ ಮೇಲೆ ನಗುತ್ತಾ ಜೇಬಿಗೆ ಕೈ ಹಾಕುತ್ತಾರೆ.

ಮೇಷ್ಟ್ರ ಕಥೆ

ಟೈಲರ್ ಮೇಷ್ಟ್ರು ಈ ಜಗಲಿಗೆ ಬಂದದ್ದು ಎಲ್ಲರಿಗಿಂತ ತಡವಾಗಿ. ಅದಕ್ಕೂ ಮೊದಲು ಅವರೂ ಆಡುತ್ತಿದ್ದರು, ಒಬ್ಬರೇ, ಮೊಬೈಲಿನಲ್ಲಿ. ರಮ್ಮಿ. ಮೊದಲು ಐವತ್ತು ರೂಪಾಯಿ ಬಂತು. ಆಮೇಲೆ ಹೋಗುವುದಕ್ಕೆ ಶುರುವಾಯಿತು. ಹೋದದ್ದನ್ನು ಹಿಡಿಯಲು ಇನ್ನಷ್ಟು ಹಾಕಿದರು.

‘ಎರಡು ಹೊಸ ಮಿಷನ್ ತಗೋಬಹುದಾಗಿತ್ತು. ಮನೇಲಿ ಹೇಳಲಿಲ್ಲ. ರಾತ್ರಿ ಎರಡು ಗಂಟೆಗೆ ಬಚ್ಚಲಲ್ಲಿ ಕೂತು ಆಡಿದ್ದೀನಿ. ಅದನ್ನ ಆಟ ಅಂತಾರಾ? ಒಂದು ದಿನ ನಕ್ಕಿದ್ದು ಜ್ಞಾಪಕ ಇಲ್ಲ’ ಎಂದು ಮೇಷ್ಟ್ರು ಸೂಜಿಗೆ ನೂಲು ಪೋಣಿಸುತ್ತಾ ಹೇಳುತ್ತಾರೆ.

ಈ ಪಿಡುಗಿಗೆ ಸರ್ಕಾರವೂ ಕೈ ಹಾಕಿ ನೋಡಿದೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುವ ಗಾದೆಗೆ ಇಷ್ಟು ದೊಡ್ಡ ಕಚೇರಿಗಳಲ್ಲೆಲ್ಲ ವಿಚಾರಣೆ ನಡೆಯಿತು.

ಆದರೆ ಕಾಯ್ದೆ ಒಂದು ಬಾಗಿಲು ಮುಚ್ಚಬಲ್ಲದು. ಆ ಹೊತ್ತಿನಲ್ಲಿ ಮನುಷ್ಯ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಹೇಳಲಾರದು. ಮೇಷ್ಟ್ರಿಗೆ ಅದನ್ನು ಹೇಳಿದವರು ಕಂಡಕ್ಟರು. ಷರ್ಟು ಹೊಲಿಸಲು ಬಂದವರು ಮುಖ ನೋಡಿ, ‘ಮೇಷ್ಟ್ರೇ, ಒಂದು ಕೈ ಕಮ್ಮಿ ಇದೆ, ಬನ್ನಿ’ ಅಂದರಂತೆ. ಅಷ್ಟೇ. ಬುದ್ಧಿವಾದ ಹೇಳಲಿಲ್ಲ. ಸಾಲ ಇನ್ನೂ ಪೂರ್ತಿ ತೀರಿಲ್ಲ. ಆದರೆ ಕೈ ಮೊಬೈಲಿನ ಕಡೆ ಹೋಗುವುದು ಕಮ್ಮಿಯಾಗಿದೆ ಅಂತ ಅವರೇ ಹೇಳುತ್ತಾರೆ.

ನಾಚಿಕೆಯ ಪ್ರಶ್ನೆ

ಚಿಕ್ಕಂದಿನಲ್ಲಿ ಆಡಿ ಆಡಿ ಮೊಣಕಾಲು ಕೆತ್ತಿಸಿಕೊಂಡವರು ದೊಡ್ಡವರಾದ ಮೇಲೆ ಯಾಕೆ ಬಿಟ್ಟರು? ಯಾರೂ ಕಸಿದುಕೊಂಡಿಲ್ಲ. ‘ಕತ್ತೆ ವಯಸ್ಸಾಯಿತು, ಇನ್ನೂ ಆಟ’ ಅನ್ನುವ ಒಂದು ಮಾತಿಗೆ ಹೆದರಿ ಬಿಟ್ಟರು. ಸಾಲದ್ದಕ್ಕೆ ಧರ್ಮರಾಯನ ಉದಾಹರಣೆ ಬೇರೆ. ಪಗಡೆಯಾಡಿ ರಾಜ್ಯ ಕಳೆದ, ಹೆಂಡತಿಯನ್ನೂ ಕಳೆದ ಅಂತ ಎಲ್ಲರೂ ಹೇಳುತ್ತಾರೆ. ಧರ್ಮರಾಯ ಕೆಟ್ಟದ್ದು ಆಟದಿಂದಲೋ, ಪಣದಿಂದಲೋ ಅಂತ ಕೇಳುವವರು ಕಮ್ಮಿ.

ದೊಡ್ಡ ದೊಡ್ಡ ದಾಖಲೆಗಳಲ್ಲೂ ಇದೇ ಕಥೆ. ವಿಶ್ವಸಂಸ್ಥೆ 1989ರಲ್ಲಿ ಮಾಡಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ‘ಆಟ’ ಎಂಬ ಪದವನ್ನು ಬಾಯಿಬಿಟ್ಟು ಹೇಳುತ್ತದೆ. ಎಲ್ಲರಿಗೂ ಸೇರಿದ 1948ರ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿಯಲ್ಲಿ ವಿಶ್ರಾಂತಿ ಇದೆ, ವಿರಾಮ ಇದೆ, ಸಂಬಳದ ರಜೆಯೂ ಇದೆ. ಆಟ ಇಲ್ಲ!

ನಮ್ಮ ಹಿರಿಯರಿಗೆ ಈ ನಾಚಿಕೆ ಇದ್ದಂತಿಲ್ಲ. ಹಂಪಿಗೆ ಹೋದವರು ಗುಡಿಯ ಗೋಪುರ ನೋಡಿ ಬರುತ್ತಾರೆ; ಒಂದು ಗಳಿಗೆ ಕೆಳಗೂ ನೋಡಬೇಕು. ಮಂಟಪದ ಕಲ್ಲುಹಾಸಿನಲ್ಲಿ ಆಟದ ಮನೆಗಳನ್ನು ಕೊರೆದಿದ್ದಾರೆ. ಉಳಿ ಹಿಡಿದು ಕಲ್ಲು ಕೊರೆಯುವುದು ಚಿಕ್ಕಮಕ್ಕಳ ಕೆಲಸವಲ್ಲ. ದೊಡ್ಡವರೇ, ದೇವರ ಎದುರಿಗೇ, ರಾಜಾರೋಷವಾಗಿ ಕೊರೆದದ್ದು.

ಮೈಸೂರಿನವರಂತೂ ಈ ವಿಚಾರದಲ್ಲಿ ತಲೆ ತಗ್ಗಿಸುವಂತೆಯೇ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಐದು ವರ್ಷದ ಬಾಲಕರಾಗಿ ಪಟ್ಟಕ್ಕೆ ಬಂದವರು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಸಿಂಹಾಸನ ಉಂಟು, ಅಧಿಕಾರ ಇಲ್ಲ. 1868ರಲ್ಲಿ ತೀರಿಕೊಳ್ಳುವವರೆಗೆ ಅದು ಕೈಗೆ ವಾಪಸು ಬರಲಿಲ್ಲ. ಬೇರೆಯವರಾಗಿದ್ದರೆ ಕೊರಗಿ ಕೊರಗಿ ಸಾಯುತ್ತಿದ್ದರು. ಒಡೆಯರು ಪುಸ್ತಕ ಬರೆಸಿದರು, ಚಿತ್ರ ಬರೆಸಿದರು, ಜೊತೆಗೆ ಹೊಸ ಹೊಸ ಆಟ ಕಟ್ಟಿದರು.

ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಆಟಗಳಿಗೆ ಅದರಲ್ಲಿ ಜಾಗ. ಅವರು ಕಟ್ಟಿದ ‘ಛದ’ವೆಂಬ ಎಲೆಯಾಟಗಳ ಕೆಲವು ಕಟ್ಟುಗಳಲ್ಲಿ ಮುನ್ನೂರಕ್ಕೂ ಮೀರಿ ಎಲೆಗಳು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ತುಳಿದು ಬರುವ ನಡೆಗಳನ್ನು ಕಂಡುಹಿಡಿದರು. ತುಳಿದ ಕ್ರಮದಲ್ಲಿ ಅಂಕಿ ಬರೆದು ಅಡ್ಡಸಾಲು ಕೂಡಿದರೂ 260, ಉದ್ದಸಾಲು ಕೂಡಿದರೂ 260 ಬರುವಂಥ ನಡೆಯೂ ಅವರ ಹೆಸರಿನಲ್ಲಿದೆ. ಅಂಗಡಿ ಲೆಕ್ಕ ಒಂದೇ ಸಲಕ್ಕೆ ಕೂಡಿಬರದವರು ಇದನ್ನು ಒಮ್ಮೆ ಯೋಚಿಸಬೇಕು!

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಈ ಹಳೇ ಆಟಗಳ ಹಾಸು, ಕಾಯಿ, ಕವಡೆಗಳ ಪ್ರದರ್ಶನ ನಡೆಸಿಕೊಂಡು ಬಂದಿದ್ದಾರೆ. ಪಗಡೆ, ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಎಲ್ಲ ಕುಶಲಕರ್ಮಿಗಳ ಕೈಯಲ್ಲಿ ಅಂದವಾಗಿ ಮೂಡಿವೆ. ಗೋಡೆಗೆ ತೂಗುಹಾಕಿ ನೋಡಲು ಚೆಂದ. ಆದರೆ ಜಗಲಿಯವರ ವಾದವೇ ಬೇರೆ: ಹಾಸು ಸವೆಯಬೇಕು, ಆಗಲೇ ಆಟ.

ಹೂವಿನಮ್ಮನ ಮಾತು

ಜಗಲಿಯ ಮೆಟ್ಟಿಲ ಬಳಿ ಹೂ ಮಾರುವ ಹೆಂಗಸೊಬ್ಬರಿದ್ದಾರೆ. ಬೀದಿಗೆಲ್ಲ ಅವರು ಹೂವಿನಮ್ಮ. ಮೊದಮೊದಲು ಮಲ್ಲಿಗೆ ಕಟ್ಟುತ್ತಾ ದೂರದಿಂದಲೇ, ‘ಆ ಕಾಯಿ ಯಾಕಪ್ಪಾ ನಡೆಸ್ತೀರಾ, ಹಿಂದಿನದು ಕಡೀತದೆ ನೋಡಿ’ ಅಂತ ಹೇಳಿಕೊಡುತ್ತಿದ್ದರು. ಅವರು ಹೇಳಿದಂತೆ ಆಡಿದವರು ಗೆಲ್ಲುತ್ತಾ ಬಂದರು. ಈಗ ಯಾರಿಗಾದರೂ ಗಿರಾಕಿ ಬಂದರೆ ಆ ಕೈಗೆ ಹೂವಿನಮ್ಮನೇ. ನಾಲ್ವರನ್ನೂ ಸೋಲಿಸಿ ಟೀ ಕುಡಿಸಿದ ದಿನಗಳೂ ಉಂಟು.

‘ಗಂಡಸರಿಗೆ ಮಧ್ಯಾಹ್ನ ಬಿಡುವು ಅಂತ ಒಂದಿರ್ತದೆ. ನಮಗೆ ಪಾತ್ರೆ, ಬಟ್ಟೆ, ರೇಷನ್ನು. ಆಡ್ತಾ ಕೂತರೆ ಮನೆ ಹಾಳು ಅಂತಾರೆ. ಬಿಡುವು ಯಾರೂ ಕೊಡಲ್ಲ ಸ್ವಾಮೀ, ನಾವೇ ತಗೋಬೇಕು’ ಎಂದು ಹೂವಿನಮ್ಮ ಕವಡೆ ಕುಲುಕುತ್ತಾರೆ. ಯಜಮಾನರ ಹೆಂಡತಿ, ಈ ಆಟಕ್ಕೆಲ್ಲ ಮೂಲ ಪುರುಷರಾದ ಮಹಾತಾಯಿ, ಒಂದು ದಿನವೂ ಜಗಲಿಗೆ ಬಂದಿಲ್ಲ ಅನ್ನುವುದನ್ನೂ ಇಲ್ಲಿ ಹೇಳಲೇಬೇಕು.

ವೈದ್ಯರು ಏನೆನ್ನುತ್ತಾರೆ?

ಆಟದಿಂದ ಲಾಭವೇನು ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರಿಗಾಗಿ ಒಂದು ಸಂಗತಿ. ಅಮೆರಿಕದ ನ್ಯೂಯಾರ್ಕಿನಲ್ಲಿ 75 ವರ್ಷ ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ, 2003ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಓದು, ಹಾಸಿನ ಆಟ, ವಾದ್ಯ ನುಡಿಸುವುದು, ನೃತ್ಯ ಇವುಗಳಲ್ಲಿ ತೊಡಗಿದವರಲ್ಲಿ ಮರೆಗುಳಿ ರೋಗದ ಸಂಭವ ಕಡಿಮೆ ಕಂಡಿತು. ಆಟವೇ ರೋಗ ತಡೆಯಿತು ಅಂತ ಇದರಿಂದ ಸಿದ್ಧವಾಗುವುದಿಲ್ಲ. ತಲೆ ಚುರುಕಿದ್ದವರೇ ಹೆಚ್ಚು ಆಡಿರಲೂಬಹುದು.

ಜಗಲಿಯವರು ಈ ವರದಿಗೆ ಅಷ್ಟೇನೂ ಬೆಲೆ ಕೊಡುವುದಿಲ್ಲ. ‘ಔಷಧಿ ಅಂತ ಆಡಿದ್ರೆ ಅದೂ ಡ್ಯೂಟಿ ಆಯ್ತಲ್ಲ ಸಾರ್’ ಅನ್ನುತ್ತಾರೆ ಕಂಡಕ್ಟರು. ರಿಟೈರಾದ ಮೇಲೆ ಬೆಳಗ್ಗೆ ನಾಲ್ಕಕ್ಕೇ ಎಚ್ಚರವಾಗಿ, ಹೋಗಲು ಡಿಪೋ ಇಲ್ಲದೆ, ಗೋಡೆ ನೋಡುತ್ತಾ ಕೂತಿರುತ್ತಿದ್ದರಂತೆ. ಈಗಲೂ ನಾಲ್ಕಕ್ಕೇ ಎಚ್ಚರ. ಆದರೆ ಎರಡೂವರೆಗೆ ಹೋಗಲು ಒಂದು ಜಾಗ ಇದೆ.

ಎದುರಿನ ಬಸ್ ಸ್ಟಾಪಿನಲ್ಲಿ ನಿಂತವರಿಗೂ ಇದು ಅಂಟಿದೆ. ಬ್ಯಾಗು ಹೆಗಲಿಗೆ ಹಾಕಿದ ಗುಮಾಸ್ತರೊಬ್ಬರು ‘ಬಾರ ಬೀಳ್ತದೋ ಇಲ್ವೋ ನೋಡಿ ಹೋಗೋಣ’ ಅಂತ ನಿಂತು ಬಸ್ಸು ಬಿಟ್ಟದ್ದೂ ಇದೆ.

ಜಗಲಿಗೆ ಬಂದ ಕುತ್ತು

ಇಷ್ಟೆಲ್ಲ ಚೆನ್ನಾಗಿರುವಾಗ ಒಂದು ವಿಘ್ನ. ಯಜಮಾನರ ಮಗ ಈಗ ಅಂಗಡಿ ನೋಡಿಕೊಳ್ಳುತ್ತಿದ್ದಾರೆ. ಅವರಿಗೆ ಜಗಲಿ ಒಡೆಸಿ, ಮುಂಭಾಗಕ್ಕೆ ಗಾಜು ಹಾಕಿಸಿ, ಮಿಕ್ಸಿ, ಗ್ರೈಂಡರ್ ಜೋಡಿಸುವ ಯೋಚನೆ. ಮೇಸ್ತ್ರಿ ಬಂದು ಅಳತೆ ತೆಗೆದುಕೊಂಡೂ ಹೋಗಿದ್ದಾನೆ.

ಮಗನದು ತಪ್ಪು ಅನ್ನುವಂತಿಲ್ಲ. ದೊಡ್ಡ ದೊಡ್ಡ ಮಳಿಗೆಗಳ ಎದುರು ಸಣ್ಣ ಪಾತ್ರೆ ಅಂಗಡಿ ಬದುಕಬೇಕು. ‘ಅಪ್ಪ ಕೂತಿರೋ ಜಾಗಕ್ಕೆ ಅಡಿ ಲೆಕ್ಕದಲ್ಲಿ ಬಾಡಿಗೆ ಎಷ್ಟಾಗ್ತದೆ ಗೊತ್ತಾ? ದಿನಕ್ಕೆ ಒಂದೂವರೆ ಗಂಟೆ ಆಟಕ್ಕೆ ಅಷ್ಟು ಜಾಗ ಇಡೋಕಾಗ್ತದಾ?’ ಅನ್ನುವುದು ಅವರ ಪ್ರಶ್ನೆ.

ಯಜಮಾನರ ಬಳಿ ಇದಕ್ಕೆ ಉತ್ತರವಿಲ್ಲ. ನಲವತ್ತು ವರ್ಷ ತಾವೂ ಇದೇ ಲೆಕ್ಕ ಹಾಕಿಕೊಂಡು ಬಂದವರು. ‘ಅವನು ಹೇಳೋದು ಸರಿಯಾಗೇ ಇದೆ. ಆ ಲೆಕ್ಕದಲ್ಲಿ ಸರಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಕೆಲಸ ಶುರುವಾಗುವುದು ಹಬ್ಬ ಕಳೆದ ಮೇಲೆ ಅಂತ ಮಾತಾಗಿದೆ. ಜಗಲಿ ಹೋದರೆ ಎಲ್ಲಿಗೆ? ಟೈಲರ್ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಗ್ರಂಧಿಗೆ ಅಂಗಡಿಗೆ ಮೆಟ್ಟಿಲೇ ಇಲ್ಲ. ಪಾರ್ಕು ದೂರ, ಅಲ್ಲಿ ಕೂತರೆ ಅಂಗಡಿ ಯಾರು ನೋಡಬೇಕು?

ಹಳೇ ಮೈಸೂರಿನಲ್ಲಿ ಮನೆಗೊಂದು ಜಗಲಿ, ಬೀದಿಗೊಂದು ಅರಳಿಕಟ್ಟೆ ಇತ್ತು. ಯಾರೂ ಅದನ್ನು ಆಟದ ಮೈದಾನ ಅಂತ ಕರೆಯಲಿಲ್ಲ, ಆಟ ಮಾತ್ರ ಅಲ್ಲೇ ನಡೆಯುತ್ತಿತ್ತು. ಆಟ ಮರೆತುಹೋಗಿಲ್ಲ, ಒಂದು ಸಲ ಕವಡೆ ಕೈಗೆ ಕೊಟ್ಟರೆ ಯಾರಿಗಾದರೂ ಐದು ನಿಮಿಷದಲ್ಲಿ ಜ್ಞಾಪಕ ಬರುತ್ತದೆ. ಕಮ್ಮಿಯಾಗಿರುವುದು ಕೂರುವ ಜಾಗ, ಕೂತವರನ್ನು ಕಂಡು ನಗದಿರುವ ಮನಸ್ಸು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಪಾರ್ಕಿನ ಸಿಮೆಂಟು ಕಟ್ಟೆಯ ಮೇಲೆ ಇಪ್ಪತ್ತೈದು ಮನೆ ಕೊರೆಸಲು ನಗರಪಾಲಿಕೆಗೆ ಕೋಟಿ ರೂಪಾಯಿಯ ಟೆಂಡರು ಬೇಕಿಲ್ಲ. ಒಬ್ಬ ಕಲ್ಲುಕುಟಿಗ, ಅರ್ಧ ದಿನ. ಹಂಪಿಯವರಿಗೆ ಆದದ್ದು ನಮಗೆ ಆಗದೆ?

ಚಿಕ್ಕಮಕ್ಕಳು ದೊಡ್ಡ ಹುಡುಗರ ಜೊತೆ ಆಡಲು ಹಟ ಹಿಡಿದರೆ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಅಂತ ಸೇರಿಸಿಕೊಳ್ಳುವ ಪದ್ಧತಿ ಇತ್ತಲ್ಲ, ಜ್ಞಾಪಕವಿದೆಯೆ? ಔಟಾದರೂ ಔಟಿಲ್ಲ, ಸೋತರೂ ಸೋಲಿಲ್ಲ. ಬೆಳಗ್ಗೆ ಬಾಗಿಲು ತೆರೆದದ್ದರಿಂದ ರಾತ್ರಿ ಹಾಕುವವರೆಗೆ ಬರೀ ಲೆಕ್ಕದಲ್ಲೇ ಇರುವ ಮನುಷ್ಯ, ದಿನಕ್ಕೆ ಒಂದು ಗಳಿಗೆ ಲೆಕ್ಕಕ್ಕಿಲ್ಲದೆ ಇದ್ದರೆ ಯಾವ ಅಂಗಡಿಯೂ ಮುಳುಗುವುದಿಲ್ಲ. ನಾಲ್ಕು ಕವಡೆ ಯಾವ ಗ್ರಂಧಿಗೆ ಅಂಗಡಿಯಲ್ಲಾದರೂ ಸಿಗುತ್ತವೆ. ಅದೂ ಬೇಡವೆಂದರೆ ಇವತ್ತು ಸಾರಿಗೆ ನೆನೆಹಾಕಿದ ಹುಣಸೆಹಣ್ಣಿನ ಬೀಜವನ್ನು ಎಸೆಯಬೇಡಿರೆಂದು ಮನೆಯಲ್ಲಿ ಹೇಳಿ. ಹೇಳಿದ ಮೇಲೆ, ಆಡಲು ಅವರನ್ನೂ ಕರೆಯಿರಿ.